ಸಲಹೆಗೆ ಉತ್ತರ ಸಿಗಬೇಕಾದರೆ: ನಾಗರಿಕ ಸಲಹಾ ಸಮಿತಿ ಕಟ್ಟುವ, ನಡೆಸುವ ಕ್ರಮ

ಸೊರಗಿಹೋದ ನಾಗರಿಕ ಸಲಹಾ ಸಮಿತಿಗಳ ಕಡತ ತೆಗೆದು ನೋಡಿದರೆ ಹೆಚ್ಚುಕಡಿಮೆ ಒಂದೇ ಚಿತ್ರ ಕಾಣುತ್ತದೆ. ಮೊದಲ ಸಭೆಗೆ ಕುರ್ಚಿ ಸಾಲದು, ಆರನೆಯ ಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದಷ್ಟು ಹಾಜರಿ, ಇಲ್ಲ. ನಡುವೆ ಸಮಿತಿ ಮೂರು ಸಲಹೆ ಕಳಿಸಿದೆ, ಒಂದಕ್ಕೂ ಉತ್ತರ ಬಂದಿಲ್ಲ. ನಾಲ್ಕನೆಯ ವಿಷಯ ಸಮಿತಿಯ ಮುಂದೆ ಬರುವ ಹೊತ್ತಿಗೆ ಟೆಂಡರೇ ಮುಗಿದುಹೋಗಿದೆ. ‘ಸಾರ್ವಜನಿಕರಿಗೆ ಆಸಕ್ತಿ ಇರುವುದಿಲ್ಲ’ ಎಂದು ಕಡತದಲ್ಲಿ ಷರಾ ಬೀಳುತ್ತದೆ. ಆಸಕ್ತಿ ಇದ್ದದ್ದಕ್ಕೇ ಅಲ್ಲವೇ ಮೊದಲ ಸಭೆಗೆ ಬಂದದ್ದು?

ಹಾಗಾಗಿ ಸದಸ್ಯರು ಯಾರು ಎಂದು ಯೋಚಿಸುವ ಮೊದಲೇ ಎರಡು ಪ್ರಶ್ನೆ ಇತ್ಯರ್ಥವಾಗಬೇಕು. ಈ ಸಮಿತಿಯ ಸಲಹೆ ಯಾರ ಮೇಜಿಗೆ, ಯಾವ ತಾರೀಖಿನೊಳಗೆ ಹೋಗುತ್ತದೆ? ಆ ಮೇಜಿನಿಂದ ಎಷ್ಟು ದಿನದಲ್ಲಿ, ಯಾರ ಸಹಿಯಲ್ಲಿ ಉತ್ತರ ಬರುತ್ತದೆ? ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಸಮಿತಿ ಬೇಕೇ, ಬೇಡವೇ

ಶೆರಿ ಆರ್ನ್‌ಸ್ಟೀನ್ ಎಂಬಾಕೆ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದರು. ಅಮೆರಿಕದ ನಗರ ಯೋಜನೆಗಳಲ್ಲಿ ಈ ವಿಷಯವನ್ನೇ ನೋಡಿಕೊಂಡಿದ್ದವರು ಅವರು. ಮೇಲಿನಿಂದ ಬಂದದ್ದಕ್ಕೆ ಹೂಂಗುಟ್ಟುವ ಸಲಹಾ ಸಮಿತಿಗಳನ್ನು ಅವರು ಇಟ್ಟದ್ದು ತೀರ ಕೆಳಗಿನ ಮೆಟ್ಟಿಲಲ್ಲಿ. ಆ ಮೆಟ್ಟಿಲಿಗೆ ಅವರು ಕೊಟ್ಟ ಹೆಸರಿನ ಅರ್ಥ, ಜನರನ್ನು ಬೇಕಾದಂತೆ ಆಡಿಸುವುದು. ಜನರಿಗೆ ಬರೀ ಮಾಹಿತಿ ಕೊಡುವುದು ಅದಕ್ಕಿಂತ ಎರಡು ಮೆಟ್ಟಿಲು ಮೇಲಿದೆ. ಅಂದರೆ ಕೆಟ್ಟ ಸಮಿತಿಗಿಂತ ಸಮಿತಿಯೇ ಇಲ್ಲದೆ ನೇರವಾಗಿ ವಿಷಯ ತಿಳಿಸುವುದು ಮೇಲು.

ನಿರ್ಧಾರ ಆಗಲೇ ಆಗಿದ್ದರೆ ಸಮಿತಿ ಬೇಡ. ತಿಳಿವಳಿಕೆ ಪತ್ರ ಹಂಚಿ. ಒಂದೇ ಉದ್ಯಾನ, ಒಂದೇ ರಸ್ತೆಯ ವಿಚಾರವಾದರೆ ಅಲ್ಲಿಗೇ ಹೋಗಿ ಎರಡು ಸಂಜೆ ಜನರ ಜೊತೆ ಕೂತರೆ ಸಾಕು. ಬಿರುಕು ಬಿಟ್ಟ ಸೇತುವೆಯನ್ನು ಮುಚ್ಚಬೇಕೇ ಎಂದು ಸಮಿತಿಯನ್ನು ಕೇಳುವುದು ಹೊಣೆ ಜಾರಿಸುವ ಕೆಲಸ. ಒಂದು ವಿಷಯ ವರ್ಷಗಟ್ಟಲೆ ಮತ್ತೆ ಮತ್ತೆ ನಿರ್ಧಾರಕ್ಕೆ ಬರುತ್ತಿದ್ದರೆ, ಅದರಲ್ಲಿ ಇದೂ ಬೇಕು ಅದೂ ಬೇಕು ಎಂಬ ನಿಜವಾದ ತೂಗಾಟ ಇದ್ದರೆ, ಹಿಂದಿನ ಸಲ ಏನಾಯಿತು ಎಂಬ ನೆನಪು ಉಪಯೋಗಕ್ಕೆ ಬರುವುದಾದರೆ ಸಮಿತಿ ಕಟ್ಟಬಹುದು. ನೀರಿನ ದರ, ಕಸ ವಿಲೇವಾರಿ, ಪಾದಚಾರಿ ಮಾರ್ಗ, ಗ್ರಂಥಾಲಯದ ಸಮಯ, ಬಜೆಟ್ಟಿನ ಆದ್ಯತೆ ಇಂಥವು.

ರಚನಾ ಆದೇಶ

ಎರಡು ಪುಟ ಮೀರದ ಒಂದು ಆದೇಶ. ಅದನ್ನು ಚುನಾಯಿತ ಸಭೆಯೇ ಠರಾವಾಗಿ ಅಂಗೀಕರಿಸಬೇಕು. ಮುಖ್ಯಾಧಿಕಾರಿಯ ಸುತ್ತೋಲೆಯಿಂದ ಹುಟ್ಟಿದ ಸಮಿತಿ ಅವರ ವರ್ಗಾವಣೆಯೊಂದಿಗೆ ಕಣ್ಮರೆಯಾಗುತ್ತದೆ.

ಉದ್ದೇಶ ಒಂದೇ ವಾಕ್ಯದಲ್ಲಿರಲಿ. ‘ನಗರದ ಸರ್ವಾಂಗೀಣ ಅಭಿವೃದ್ಧಿಗೆ ಸಲಹೆ ನೀಡುವುದು’ ಎಂದು ಬರೆದರೆ ಏನನ್ನೂ ಬರೆಯದಂತೆಯೇ. ಯಾವ ಯಾವ ತೀರ್ಮಾನಗಳು ಸಮಿತಿಯ ಮುಂದೆ ಬಾರದೆ ಮುಂದಕ್ಕೆ ಹೋಗಕೂಡದು ಎಂದು ಹೆಸರಿಸಿ: ವಾರ್ಷಿಕ ಕಾಮಗಾರಿ ಪಟ್ಟಿ, ಇಂತಿಷ್ಟು ಮೊತ್ತ ಮೀರಿದ ಗುತ್ತಿಗೆ, ದರ ಪರಿಷ್ಕರಣೆ. ಸಮಿತಿಯದು ಸಲಹೆ ಮಾತ್ರ, ಅಂತಿಮ ತೀರ್ಮಾನ ಚುನಾಯಿತರದು ಎಂಬ ಸಾಲೂ ಅಷ್ಟೇ ಸ್ಪಷ್ಟವಾಗಿರಲಿ. ಇದನ್ನು ಮೊದಲೇ ಹೇಳದಿದ್ದರೆ ಆರು ತಿಂಗಳ ಬಳಿಕ ‘ನಾವು ಬೇಡ ಎಂದರೂ ಮಾಡಿದರಲ್ಲ’ ಎಂಬ ಜಗಳ ತಪ್ಪದು. ಇನ್ನೊಂದು ಕಡೆ, ಜನ ತಮ್ಮ ಕುರ್ಚಿಗೆ ಪೈಪೋಟಿಗೆ ಬಂದರು ಎಂದು ಚುನಾಯಿತರು ಗುಮಾನಿಪಡುವುದೂ ತಪ್ಪದು.

ಉತ್ತರದ ಷರತ್ತಿಗೆ ಆದೇಶದಲ್ಲಿ ಪ್ರತ್ಯೇಕ ಕಲಮು ಬೇಕು. ಇಲಾಖೆಗೆ ಹೋದ ಸಲಹೆಗೆ 30 ದಿನ, ಚುನಾಯಿತ ಸಭೆಗೆ ಹೋದದ್ದಕ್ಕೆ 60 ದಿನ ಎಂದಿಟ್ಟುಕೊಳ್ಳಿ. ಗಡುವಿನೊಳಗೆ ಉತ್ತರ ಬಾರದಿದ್ದರೆ ಆ ಸಲಹೆ ತಾನಾಗಿಯೇ ಚುನಾಯಿತ ಸಭೆಯ ಮುಂದಿನ ಕಾರ್ಯಸೂಚಿಗೆ ಸೇರುತ್ತದೆ ಎಂದು ಬರೆಯಿರಿ. ಈ ‘ತಾನಾಗಿಯೇ’ ಎಂಬ ಪದವನ್ನು ತೆಗೆಸಲು ಖಂಡಿತ ಒತ್ತಡ ಬರುತ್ತದೆ. ಬಿಡಬೇಡಿ, ಇಡೀ ಆದೇಶದಲ್ಲಿ ಹಲ್ಲಿರುವ ಪದ ಅದೊಂದೇ.

ಅವಧಿಯನ್ನೂ ಬರೆಯಿರಿ. ಅಮೆರಿಕದ ಕೇಂದ್ರ ಸರ್ಕಾರದ ಸಲಹಾ ಸಮಿತಿಗಳಿಗೆ 1972ರಿಂದ ಒಂದು ಕಾಯಿದೆ ಇದೆ. ಸಮಿತಿಯಲ್ಲಿ ಭಿನ್ನ ದೃಷ್ಟಿಯವರ ಸಮತೋಲ ಇರಬೇಕು, ನವೀಕರಿಸದಿದ್ದರೆ ಸಮಿತಿ ಎರಡು ವರ್ಷಕ್ಕೆ ಮುಗಿಯುತ್ತದೆ ಎಂಬುದು ಅದರ ತಿರುಳು. ಎರಡನ್ನೂ ಊರಮಟ್ಟಕ್ಕೆ ಇಳಿಸಿಕೊಳ್ಳಬಹುದು. ಮುಕ್ತಾಯದ ತಾರೀಖಿಲ್ಲದ ಸಮಿತಿಯನ್ನು ಯಾರೂ ಮುಚ್ಚುವುದಿಲ್ಲ, ಯಾರೂ ಕರೆಯುವುದೂ ಇಲ್ಲ.

ಎಷ್ಟು ಮಂದಿ, ಕೋರಂ ಎಷ್ಟು

9ರಿಂದ 15 ಮಂದಿ. 9ಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದಿದ್ದರೂ ಸಭೆ ಬಡವಾಗುತ್ತದೆ. 15 ದಾಟಿದರೆ ಎರಡು ಗಂಟೆಯಲ್ಲಿ ಒಬ್ಬೊಬ್ಬರಿಗೆ ಎರಡು ಸಲ ಮಾತಾಡಲೂ ಸಮಯ ಸಿಗದು. ಮಾತು ನಾಲ್ಕೈದು ಜನರ ಕೈಗೆ ಹೋಗುತ್ತದೆ. 13 ಹದವಾದ ಸಂಖ್ಯೆ.

ಕೋರಂ ನಿಯಮದಲ್ಲಿ ಒಂದು ಸಣ್ಣ ಪದ ಎಡವಟ್ಟು ಮಾಡುತ್ತದೆ. ‘ಒಟ್ಟು ಸ್ಥಾನಗಳ ಅರ್ಧಕ್ಕಿಂತ ಹೆಚ್ಚು’ ಎಂದು ಬರೆದರೆ 13 ಸ್ಥಾನಕ್ಕೆ ಕೋರಂ 7. ನಾಲ್ಕು ಸ್ಥಾನ ಖಾಲಿ ಬಿದ್ದವು, ಭರ್ತಿ ತಡವಾಯಿತು ಅನ್ನಿ. ಉಳಿದ 9 ಮಂದಿಯಲ್ಲಿ 7 ಮಂದಿ ಬಂದೇ ತೀರಬೇಕು. ಮೂವರಿಗೆ ನೆಗಡಿಯಾದರೆ ಸಭೆ ರದ್ದು. ‘ಭರ್ತಿಯಾದ ಸ್ಥಾನಗಳ ಅರ್ಧಕ್ಕಿಂತ ಹೆಚ್ಚು, ಆದರೆ 5ಕ್ಕೆ ಕಡಿಮೆಯಿಲ್ಲ’ ಎಂದು ಬರೆದರೆ ಅದೇ ಸ್ಥಿತಿಯಲ್ಲಿ 5 ಮಂದಿ ಸಾಕು. ಕೋರಂ ಇಲ್ಲದ ದಿನವೂ ಬಂದವರನ್ನು ಮನೆಗೆ ಕಳಿಸಬೇಡಿ. ತೀರ್ಮಾನ ಬಿಟ್ಟು ಮಾಹಿತಿ, ಚರ್ಚೆ ನಡೆಯಬಹುದು ಎಂಬ ಸಾಲು ಆದೇಶದಲ್ಲಿರಲಿ.

ಸದಸ್ಯತ್ವ ಎರಡು ವರ್ಷ, ಸತತವಾಗಿ ಎರಡು ಅವಧಿಗಿಂತ ಹೆಚ್ಚಿಲ್ಲ. ಎಲ್ಲರೂ ಒಂದೇ ದಿನ ನಿವೃತ್ತರಾದರೆ ನೆನಪೆಲ್ಲ ಒಟ್ಟಿಗೇ ಬಾಗಿಲು ದಾಟುತ್ತದೆ. ಅದಕ್ಕೇ ಮೊದಲ ಸಭೆಯಲ್ಲಿ ಚೀಟಿ ಎತ್ತಿ 6 ಮಂದಿಗೆ ಒಂದು ವರ್ಷ, 7 ಮಂದಿಗೆ ಎರಡು ವರ್ಷ ಎಂದು ಹಂಚಿ. ಆಮೇಲೆ ಬಂದವರಿಗೆಲ್ಲ ಎರಡು ವರ್ಷ. ಪ್ರತಿ ವರ್ಷ ಅರ್ಧದಷ್ಟು ಹೊಸಬರು, ಅರ್ಧದಷ್ಟು ಹಳಬರು ಇರುತ್ತಾರೆ.

ಆಯ್ಕೆ

ಅರ್ಜಿ ಕರೆದು ಬಿಟ್ಟರೆ ಬರುವವರು ಯಾರು? ಬಿಡುವಿರುವವರು, ಸ್ವಂತ ಮನೆಯವರು, ಕಚೇರಿಯ ಭಾಷೆ ಬಲ್ಲವರು, ಆಗಲೇ ಎಲ್ಲ ಸಭೆಗಳಿಗೂ ಬರುವವರು. ಅವರೂ ಬೇಕು. ಅವರೇ ಸಾಲದು. ಚುನಾಯಿತರು ಕೈಯಾರೆ ಆರಿಸಿದರೆ ಬರುವುದು ಬೆಂಬಲಿಗರ ಪಟ್ಟಿ. ಸಂಘಸಂಸ್ಥೆಗಳಿಂದ ಮಾತ್ರ ತೆಗೆದುಕೊಂಡರೆ ಸಂಘವಿಲ್ಲದವರ ಪಾಲಿಗೆ ಸಮಿತಿಯೂ ಇಲ್ಲ.

ಮೂರು ದಾರಿಯನ್ನೂ ಬೆರೆಸುವುದು ಉತ್ತಮ: 13ರಲ್ಲಿ 5 ಅರ್ಜಿಯಿಂದ, 3 ಸಂಘಸಂಸ್ಥೆಗಳ ಹೆಸರಿಸುವಿಕೆಯಿಂದ, 5 ಚೀಟಿಯಿಂದ. ಚೀಟಿ ಎತ್ತಿ ಸಾರ್ವಜನಿಕ ಕೆಲಸಕ್ಕೆ ಜನರನ್ನು ಕರೆಯುವುದು ಈಗ ವಿಚಿತ್ರವಾಗಿ ಉಳಿದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2004ರಲ್ಲಿ ಚುನಾವಣಾ ಪದ್ಧತಿಯ ಬಗ್ಗೆ ಯೋಚಿಸಲು ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಹೀಗೆ ಆರಿಸಿತು. ಮೂಲನಿವಾಸಿಗಳ ಇಬ್ಬರು ಸೇರಿ ಒಟ್ಟು 160 ಸದಸ್ಯರ ಸಭೆ ಅದು. ಐರ್ಲೆಂಡ್ 2016ರಲ್ಲಿ 99 ಮಂದಿಯನ್ನು ಹೀಗೆಯೇ ಕೂರಿಸಿತು.

ಚೀಟಿಯ ಲೆಕ್ಕ ಹೀಗೆ. ವಿಳಾಸಗಳ ಪಟ್ಟಿಯಿಂದ ಯಾದೃಚ್ಛಿಕವಾಗಿ 1,000 ಮನೆಗೆ ಪತ್ರ ಹೋಗಲಿ. ಮತದಾರರ ಪಟ್ಟಿಯನ್ನೇ ನೆಚ್ಚಿಕೊಂಡರೆ ಇತ್ತೀಚೆಗೆ ಬಂದು ನೆಲೆಸಿದವರು ಬಿಟ್ಟುಹೋಗುತ್ತಾರೆ. ನೂರಕ್ಕೆ ನಾಲ್ಕು ಮಂದಿ ಒಪ್ಪಿದರೆ 40 ಹೆಸರು ಸಿಕ್ಕವು. ಆ 40ನ್ನು ವಯಸ್ಸು, ಲಿಂಗ, ಬಡಾವಣೆ, ಸ್ವಂತ ಮನೆಯೋ ಬಾಡಿಗೆಯೋ ಎಂಬ ನಾಲ್ಕು ಗುಂಪಿನಲ್ಲಿ ಇಟ್ಟು, ಜನಗಣತಿಯ ಪ್ರಮಾಣಕ್ಕೆ ಹತ್ತಿರವಾಗುವಂತೆ ಎಲ್ಲರೆದುರೇ 5 ಹೆಸರು ಎತ್ತಿ. ಮುಂದಿನ 5 ಹೆಸರು ಕಾಯ್ದಿರಿಸಿದ ಪಟ್ಟಿಗೆ. ಒಬ್ಬರು ಬಿಟ್ಟರೆ ಮರುದಿನವೇ ಇನ್ನೊಬ್ಬರನ್ನು ಕರೆಯಬಹುದು. ಐದೇ ಸ್ಥಾನದಲ್ಲಿ ಇಡೀ ಊರಿನ ಪಡಿಯಚ್ಚು ಬರುವುದಿಲ್ಲ ಎಂಬುದೂ ನೆನಪಿರಲಿ. ಚೀಟಿ ಎತ್ತಿ ಆದ ಮೇಲೆ ಕಾಣುವ ಕೊರತೆಯನ್ನು ಅರ್ಜಿಯ ಐದು ಸ್ಥಾನಗಳಿಂದ ತುಂಬಿಕೊಳ್ಳಬೇಕು. ಆದ್ದರಿಂದ ಚೀಟಿ ಮೊದಲು, ಅರ್ಜಿಗಳ ಆಯ್ಕೆ ಆಮೇಲೆ.

ಅರ್ಜಿ ಒಂದು ಪುಟ. ವಿದ್ಯಾಭ್ಯಾಸ, ಹುದ್ದೆ, ಪ್ರಶಸ್ತಿ ಕೇಳಬೇಡಿ. ‘ಈ ಸೇವೆಯನ್ನು ನೀವು ಹೇಗೆ ಬಳಸುತ್ತೀರಿ? ಅದರಲ್ಲಿ ಏನು ಬದಲಾಗಬೇಕು? ನಿಮ್ಮ ಅಭಿಪ್ರಾಯ ಒಪ್ಪದವರ ಜೊತೆ ಕೆಲಸ ಮಾಡಿದ್ದು ಯಾವಾಗ?’ ಈ ಮೂರು ಪ್ರಶ್ನೆ ಸಾಕು. ಬರೆಯಲು ಆಗದವರು ಫೋನಿನಲ್ಲಿ ಹೇಳಿದರೆ ಸಿಬ್ಬಂದಿ ಬರೆದುಕೊಳ್ಳಲಿ. ಆಯ್ಕೆಗೆ ಮೂವರು ಸಾಕು: ಒಬ್ಬ ಅಧಿಕಾರಿ, ಒಬ್ಬ ಚುನಾಯಿತ ಪ್ರತಿನಿಧಿ, ಹೊರಗಿನವರೊಬ್ಬರು. ಅಂಕಪಟ್ಟಿ ಮೊದಲೇ ಬರೆದಿಟ್ಟು, ಆಯ್ಕೆಯಾಗದವರಿಗೂ ಪತ್ರ ಕಳಿಸಿ.

ಬರಲಾಗದವರು ಬರುವಂತೆ

ಸಭೆಯ ಹೊತ್ತನ್ನು ಅಧಿಕಾರಿಗಳ ಅನುಕೂಲಕ್ಕೆ ಮಧ್ಯಾಹ್ನ ಮೂರಕ್ಕೆ ಇಟ್ಟ ದಿನವೇ ಅರ್ಧ ಊರು ಹೊರಗುಳಿಯಿತು. ಸದಸ್ಯರನ್ನೇ ಕೇಳಿ ಹೊತ್ತು ಗೊತ್ತುಮಾಡಿ, ವರ್ಷಪೂರ್ತಿ ಬದಲಿಸಬೇಡಿ. ಮೆಟ್ಟಿಲಿಲ್ಲದ ಕೋಣೆ, ಕಾಲಿಗೆ ಎಟುಕುವ ಸಾರಿಗೆ, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು, ಭಾಷಾಂತರಕಾರರು, ದೊಡ್ಡ ಅಕ್ಷರದ ಕಾಗದ, ಮಾತು ಸರಿಯಾಗಿ ಕೇಳಿಸುವ ಮೈಕು. ಮೈಕು ಯಾಕೆ ಎನ್ನುವವರಿಗೆ ಉತ್ತರ: ಕಿವಿ ಮಂದವಾದವರು ‘ಕೇಳಿಸುತ್ತಿಲ್ಲ’ ಎಂದು ಎದ್ದು ಹೇಳುವುದಿಲ್ಲ, ಮುಂದಿನ ಸಭೆಗೆ ಬರುವುದಿಲ್ಲ ಅಷ್ಟೆ.

ಗೌರವಧನ ಕೊಡಬೇಕೇ ಎಂಬ ಚರ್ಚೆ ಎಲ್ಲ ಕಡೆಯೂ ಏಳುತ್ತದೆ. ಕೊಡಬೇಕು. ಅಧಿಕಾರಿ ಸಂಬಳದ ಮೇಲೆ ಕೂತಿರುತ್ತಾರೆ. ದಿನಗೂಲಿಯವರು ಕೂಲಿ ಬಿಟ್ಟು ಕೂತಿರುತ್ತಾರೆ. ಬೇಡ ಎನ್ನುವವರು ಬಿಡಬಹುದು, ಆದರೆ ಬೇಕು ಎನ್ನುವವರು ಅರ್ಜಿ ಹಾಕಿ ಕೇಳುವಂತಾಗಬಾರದು. ಸಭೆಯ ದಿನವೇ ಕೈಗೆ ಸಿಗಲಿ. ಮೂರು ತಿಂಗಳ ಬಿಲ್ಲು, ವೋಚರು, ಸಹಿ ಎಂದರೆ ಆ ಹಣದ ಉದ್ದೇಶವೇ ಕೆಟ್ಟಿತು. ಈ ಹಣ ಪಡೆದದ್ದರಿಂದ ಯಾರದಾದರೂ ಪಿಂಚಣಿಗೋ ಸರ್ಕಾರಿ ನೆರವಿಗೋ ತೊಡಕಾಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸಿಬ್ಬಂದಿಯ ಗಂಟೆಗಳು

ಸಮಿತಿ ಪುಕ್ಕಟೆ ಅಲ್ಲ. ಎರಡು ಗಂಟೆಯ ಒಂದು ಸಭೆಗೆ ಟಿಪ್ಪಣಿ ಸಿದ್ಧಪಡಿಸಲು 6 ಗಂಟೆ, ಕಾರ್ಯಸೂಚಿ ರವಾನೆಗೆ 2, ಜಾಗ ಮತ್ತು ಭಾಷಾಂತರದ ಏರ್ಪಾಡಿಗೆ 2, ಸಭೆಗೆ 3, ನಡಾವಳಿಗೆ 3, ಇಲಾಖೆಗಳ ಬೆನ್ನು ಹತ್ತಿ ಉತ್ತರ ತರಿಸಲು 4. ಒಟ್ಟು 20 ಗಂಟೆ, ಅಂದರೆ ಪೂರಾ ಎರಡೂವರೆ ದಿನದ ಕೆಲಸ. ಒಬ್ಬರ ಹೆಸರಿನಲ್ಲಿ ಇದನ್ನು ಕೆಲಸದ ಪಟ್ಟಿಗೆ ಸೇರಿಸದೆ ‘ಇದನ್ನೂ ಸ್ವಲ್ಪ ನೋಡಿಕೊಳ್ಳಿ’ ಎಂದರೆ ಮೊದಲು ಬಿದ್ದುಹೋಗುವುದು ಆ ಕೊನೆಯ 4 ಗಂಟೆ. ಆ ಅಧಿಕಾರಿ ಕಿರಿಯರಾಗಿದ್ದರೂ ಪರವಾಗಿಲ್ಲ, ಆದರೆ ಇಲಾಖಾ ಮುಖ್ಯಸ್ಥರಿಗೆ ನೇರವಾಗಿ ಫೋನು ಮಾಡುವ ಅಧಿಕಾರ ಇರಬೇಕು.

ಚುನಾಯಿತ ಸಭೆಯಿಂದ ಒಬ್ಬರು ಮತವಿಲ್ಲದ ಸಂಪರ್ಕ ಸದಸ್ಯರಾಗಿ ಕೂರಲಿ. ಅಧ್ಯಕ್ಷತೆ ಮಾತ್ರ ಅವರಿಗೆ ಬೇಡ. ಅವರು ಪೀಠದಲ್ಲಿದ್ದರೆ ಉಳಿದವರು ಸಲಹೆ ಕೊಡುವುದು ಬಿಟ್ಟು ಅಹವಾಲು ಹೇಳತೊಡಗುತ್ತಾರೆ.

ಪಂಚಾಂಗವನ್ನು ಹಿಂದಿನಿಂದ ಎಣಿಸುವುದು

ತಡವಾಗಿ ಕೇಳಿದ ಸಲಹೆ ಎಷ್ಟೇ ಒಳ್ಳೆಯದಾದರೂ ಕೆಲಸಕ್ಕೆ ಬಾರದು. ಬಜೆಟ್ಟನ್ನೇ ತೆಗೆದುಕೊಳ್ಳಿ. ಹಣಕಾಸು ವರ್ಷದ 12ನೆಯ ತಿಂಗಳಲ್ಲಿ ಮಂಜೂರಾತಿ. ಕರಡು 9ನೆಯ ತಿಂಗಳ ಕೊನೆಗೇ ಗಟ್ಟಿಯಾಗಿರುತ್ತದೆ. ಇಲಾಖೆಗಳು ತಮ್ಮ ಬೇಡಿಕೆ ಕೊಡುವುದು 8ನೆಯ ತಿಂಗಳಲ್ಲಿ. ಹಾಗಾದರೆ ಸಲಹೆ 7ನೆಯ ತಿಂಗಳ ಕೊನೆಗೆ ಇಲಾಖೆಗಳ ಕೈ ಸೇರಿರಬೇಕು. ಅದಕ್ಕೆ ಎರಡು ಸಭೆ ಬೇಕು, 5 ಮತ್ತು 6ನೆಯ ತಿಂಗಳಲ್ಲಿ. ಅವಕ್ಕೆ ಬೇಕಾದ ಟಿಪ್ಪಣಿಯ ತಯಾರಿ 4ನೆಯ ತಿಂಗಳಲ್ಲಿ. 11ನೆಯ ತಿಂಗಳಲ್ಲಿ ‘ಬಜೆಟ್ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರುವ ಪತ್ರ ಬರೀ ಶಾಸ್ತ್ರಕ್ಕೆ.

ವರ್ಷದ ಆರಂಭದಲ್ಲೇ ಎಲ್ಲ ಇಲಾಖೆಗಳಿಂದ ಮುಂದಿನ 12 ತಿಂಗಳ ತೀರ್ಮಾನಗಳ ಪಟ್ಟಿ ತರಿಸಿ. ಪ್ರತಿಯೊಂದರ ಎದುರು ‘ಇನ್ನು ಬದಲಿಸಲಾಗದು’ ಎಂಬ ದಿನಾಂಕ ಬರೆಸಿ. ಆ ದಿನಾಂಕಕ್ಕೆ ಮೂರು ತಿಂಗಳ ಮುಂಚೆ ಅದು ಸಮಿತಿಗೆ ಬರಬೇಕು. ವರ್ಷಕ್ಕೆ ನಾಲ್ಕೈದು ದೊಡ್ಡ ವಿಷಯ ಸಾಕು. ಇಪ್ಪತ್ತು ವಿಷಯ ಹಚ್ಚಿಕೊಂಡ ಸಮಿತಿ ಇಪ್ಪತ್ತರಲ್ಲೂ ಮೇಲೆ ಮೇಲೆ ತೇಲುತ್ತದೆ.

ಟಿಪ್ಪಣಿ ಮತ್ತು ಕಾರ್ಯಸೂಚಿ

ಕಾರ್ಯಸೂಚಿ ಏಳು ದಿನ ಮೊದಲು ಕೈಸೇರಲಿ, ಸಾರ್ವಜನಿಕರಿಗೂ ಕಾಣುವಂತಿರಲಿ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಇರುವ ಬ್ರೌನ್ ಕಾಯಿದೆ ಸ್ಥಳೀಯ ಸಂಸ್ಥೆಗಳ ಸಾಮಾನ್ಯ ಸಭೆಗಳಿಗೆ ಕನಿಷ್ಠ 72 ಗಂಟೆ ಮೊದಲು ಕಾರ್ಯಸೂಚಿ ಅಂಟಿಸಲೇಬೇಕು ಎನ್ನುತ್ತದೆ. ಅದು ಕಾನೂನಿನ ಕನಿಷ್ಠ ಮಿತಿ. ಓದಿ, ನೆರೆಯವರನ್ನು ವಿಚಾರಿಸಿ ಬರಲು ಮೂರು ದಿನ ಸಾಲದು. ಪ್ರತಿ ವಿಷಯದ ಮುಂದೆ ಅದು ಮಾಹಿತಿಗೋ, ಚರ್ಚೆಗೋ, ಸಲಹೆಗೋ ಎಂದು ಬರೆಯಿರಿ. ಒಂದೊಂದರ ನಿಮಿಷವನ್ನೂ ಬರೆಯಿರಿ.

ಟಿಪ್ಪಣಿ ಎರಡು ಪುಟ: ಏನು ತೀರ್ಮಾನವಾಗಬೇಕು, ಯಾರು ಯಾವಾಗ ಮಾಡುತ್ತಾರೆ, ಆಯ್ಕೆಗಳೇನು, ಒಂದೊಂದರ ಖರ್ಚೆಷ್ಟು, ಯಾರಿಗೆ ಲಾಭ, ಯಾರಿಗೆ ತೊಂದರೆ. ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ನಿಗದಿಯಾಗಿ ಬದಲಾಗದ್ದು ಯಾವುದು, ಇನ್ನೂ ತೆರೆದಿರುವುದು ಯಾವುದು ಎಂಬ ಎರಡು ಸಾಲು. ರಸ್ತೆ ಅಗಲೀಕರಣ ಮೇಲಿನ ಸರ್ಕಾರದ ಆದೇಶ, ಆದರೆ ಮರಗಳು ಎಲ್ಲಿ, ನಡೆಯುವ ದಾರಿ ಎಷ್ಟಗಲ ಎಂಬುದು ತೆರೆದಿದೆ ಎಂದು ಮೊದಲೇ ಹೇಳಿದರೆ ಜನ ಆ ತೆರೆದ ಜಾಗದಲ್ಲೇ ತಲೆ ಓಡಿಸುತ್ತಾರೆ. ಹೇಳದಿದ್ದರೆ ಎರಡು ಗಂಟೆಯೂ ಮುಚ್ಚಿದ ಬಾಗಿಲನ್ನು ತಟ್ಟುವುದರಲ್ಲೇ ಕಳೆಯುತ್ತದೆ.

ಸಭೆಯ 120 ನಿಮಿಷ

ಆರಂಭ ಮತ್ತು ಹಿತಾಸಕ್ತಿ ಘೋಷಣೆಗೆ 5 ನಿಮಿಷ. ಅನುಪಾಲನಾ ವರದಿಗೆ 15. ಇದು ಕೊನೆಗಲ್ಲ, ಮೊದಲಿಗೇ ಇರಲಿ; ಹಿಂದಿನ ಸಲಹೆ ಏನಾಯಿತೆಂದು ತಿಳಿಯದೆ ಹೊಸದನ್ನು ಕೊಡಲು ಯಾರಿಗೂ ಹುರುಪಿರುವುದಿಲ್ಲ. ಸಾರ್ವಜನಿಕರ ಮಾತಿಗೆ 15, ತೀರ್ಮಾನವಾಗುವ ಮೊದಲೇ. ಮುಖ್ಯ ವಿಷಯಕ್ಕೆ 60, ಇನ್ನೊಂದು ಸಣ್ಣ ವಿಷಯಕ್ಕೆ 15, ಯಾರು ಏನು ಮಾಡಬೇಕೆಂದು ಓದಿ ಹೇಳಲು 10.

ಆ 60 ನಿಮಿಷದ ಒಳಗೆ ಅಧಿಕಾರಿಯ ವಿವರಣೆ 10 ನಿಮಿಷ ಮಾತ್ರ. ಇಲ್ಲೇ ಹೆಚ್ಚಿನ ಸಭೆಗಳು ಹಾಳಾಗುವುದು. ನಲವತ್ತು ಸ್ಲೈಡು ತೋರಿಸಿ, ‘ಪ್ರಶ್ನೆಗಳಿವೆಯೇ?’ ಎನ್ನುವ ಹೊತ್ತಿಗೆ ಜನ ಗಡಿಯಾರ ನೋಡುತ್ತಿರುತ್ತಾರೆ. ವಿವರಣೆಯ ನಂತರ 5 ನಿಮಿಷ ಎಲ್ಲರೂ ಮೌನವಾಗಿ ತಮ್ಮ ಅನಿಸಿಕೆ ಬರೆದುಕೊಳ್ಳಲಿ. ಮೊದಲು ಮಾತಾಡಿದವರ ದಿಕ್ಕಿಗೇ ಎಲ್ಲರೂ ವಾಲುವುದನ್ನು ಈ ಐದು ನಿಮಿಷ ತಡೆಯುತ್ತದೆ. ಆಮೇಲೆ 15 ನಿಮಿಷ ಅರ್ಥವಾಗದ್ದನ್ನು ಕೇಳುವುದು, 20 ನಿಮಿಷ ಸರದಿಯ ಚರ್ಚೆ, ಕೊನೆಯ 10 ನಿಮಿಷ ಸಲಹೆಯ ವಾಕ್ಯವನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು. ವಾಕ್ಯವನ್ನು ಸಭೆಯಲ್ಲೇ ಬರೆಯದೆ ‘ಚರ್ಚೆಯಂತೆ ಕ್ರಮ’ ಎಂದು ನಡಾವಳಿಯಲ್ಲಿ ಬಿಟ್ಟರೆ, ಆ ಚರ್ಚೆ ಏನಿತ್ತೆಂಬುದು ಬರೆಯುವವರ ಮರ್ಜಿಗೆ ಬಿಟ್ಟದ್ದು.

ಒಬ್ಬರೇ ಮಾತಾಡುವುದನ್ನು ತಡೆಯಲು, ಎಲ್ಲರಿಗೂ ಒಂದು ಸಲ ಅವಕಾಶವಾಗುವ ತನಕ ಯಾರಿಗೂ ಎರಡನೆಯ ಸಲ ಇಲ್ಲ ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಒಪ್ಪಿಸಿಕೊಳ್ಳಿ. ಐದನೆಯ ಸಭೆಯಲ್ಲಿ ತಂದರೆ ಅದು ಒಬ್ಬರ ಮೇಲೆ ಬಾಣ ಬಿಟ್ಟಂತೆ ಕಾಣುತ್ತದೆ.

‘ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ’ ಎಂಬ ದೂರು ಖಂಡಿತ ಬರುತ್ತದೆ, ಅದು ನ್ಯಾಯವೂ ಹೌದು. ಅದಕ್ಕೆ ಬಾಗಿಲಲ್ಲೇ ಒಂದು ಚೀಟಿ ಇಡಿ, ಸಿಬ್ಬಂದಿ ದೂರು ಸಂಖ್ಯೆ ಹಾಕಿ ಕೈಗೆ ಕೊಡಲಿ. ಆದರೆ ಆ ಚೀಟಿಗಳನ್ನು ಎಸೆಯಬೇಡಿ. ಮೂರು ತಿಂಗಳಲ್ಲಿ ಒಂದೇ ಕಡೆಯಿಂದ ಹತ್ತು ದೀಪದ ಚೀಟಿ ಬಂದಿದ್ದರೆ ಅದು ನಿರ್ವಹಣಾ ಗುತ್ತಿಗೆಯ ಲೋಪ. ಆಗ ಅದು ಸಮಿತಿಯ ವಿಷಯವೇ.

ಸಭೆಯ ಹೊರಗಿನ ವಾಟ್ಸಾಪ್ ಗುಂಪಿನ ಬಗ್ಗೆ ಎಚ್ಚರ. ಜಾಗ, ಹೊತ್ತು ತಿಳಿಸಲು ಅದು ಅನುಕೂಲ. ವಿಷಯವನ್ನು ಅಲ್ಲೇ ಚರ್ಚಿಸಿ ಮುಗಿಸಿದರೆ ಸಭೆ ಬರೀ ಸಹಿ ಹಾಕುವ ಜಾಗ. ಬಹುಮತದಷ್ಟು ಸದಸ್ಯರು ಒಬ್ಬರಿಂದ ಒಬ್ಬರಿಗೆ ಮಾತು ದಾಟಿಸಿ ಹೊರಗೇ ತೀರ್ಮಾನಕ್ಕೆ ಬರುವುದನ್ನು ಬ್ರೌನ್ ಕಾಯಿದೆ ನಿಷೇಧಿಸುತ್ತದೆ. ಅಂಥ ಕಾನೂನು ಇಲ್ಲದ ಕಡೆಯೂ ಆ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗೆಯೇ ಒಬ್ಬ ಸದಸ್ಯರ ಜಮೀನು, ವ್ಯಾಪಾರ ಅಥವಾ ಸಂಬಂಧಿಕರಿಗೆ ತಾಗುವ ವಿಷಯ ಬಂದರೆ ಅವರು ಹೇಳಿಕೊಂಡು ಕೋಣೆಯಿಂದ ಹೊರಗೆ ಹೋಗಬೇಕು. ಮತ ಹಾಕದೆ ಸುಮ್ಮನೆ ಕೂರುವುದು ಸಾಲದು. ಎದುರಿಗೆ ಕೂತವರ ಮುಖ ನೋಡಿಕೊಂಡು ಯಾರೂ ಬಿಚ್ಚಿ ಮಾತಾಡರು.

ಸಲಹೆಯ ವಾಕ್ಯ

‘ಶಾಲೆಯ ಬಳಿ ರಸ್ತೆ ದಾಟುವವರ ಸುರಕ್ಷತೆ ಹೆಚ್ಚಿಸಬೇಕು.’ ಇದಕ್ಕೆ ಇಲಾಖೆ ‘ಒಪ್ಪಿದೆ’ ಎಂದು ಬರೆದು ಕಡತ ಮುಚ್ಚಬಹುದು. ಈಗ ಇದನ್ನು ನೋಡಿ: ‘ಶಾಲೆಯ ಎದುರಿನ ಸಿಗ್ನಲ್ಲಿನಲ್ಲಿ ಪಾದಚಾರಿಗಳ ಸಮಯವನ್ನು 12 ಸೆಕೆಂಡಿನಿಂದ 18 ಸೆಕೆಂಡಿಗೆ ಏರಿಸಬೇಕು. ಹೊಣೆ: ಸಂಚಾರ ವಿಭಾಗ. ಗಡುವು: ಶಾಲೆ ಪುನರಾರಂಭದ ದಿನ. ಕಾರಣ: ರಸ್ತೆಯ ಅಗಲ 14 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ 12 ಸೆಕೆಂಡು ಸಾಕಾಗುತ್ತದೆ. ಸದಸ್ಯರು ನಿಂತು ಅಳೆದಾಗ ಚಿಕ್ಕ ಮಕ್ಕಳ ಮತ್ತು ವೃದ್ಧರ ನಡಿಗೆ ಸೆಕೆಂಡಿಗೆ 0.9 ಮೀಟರ್ ಇತ್ತು. ಆ ನಡಿಗೆಗೆ ಸುಮಾರು 16 ಸೆಕೆಂಡು ಬೇಕು, ಮೇಲೆ 2 ಸೆಕೆಂಡು ಹೆಜ್ಜೆ ಎತ್ತಲು.’ ಇದನ್ನು ಒಪ್ಪಬೇಕು, ಇಲ್ಲವೇ ಯಾಕಾಗದು ಎಂದು ಹೇಳಬೇಕು. ಮೂರನೆಯ ದಾರಿಯಿಲ್ಲ.

ಪ್ರತಿ ಸಲಹೆಗೂ ಸಂಖ್ಯೆ, ಪರ ಎಷ್ಟು ವಿರೋಧ ಎಷ್ಟು ಎಂಬ ಲೆಕ್ಕ, ಒಪ್ಪದವರ ಕಾರಣ ಎರಡು ಸಾಲಿನಲ್ಲಿ. ಭಿನ್ನಮತವನ್ನು ಅಳಿಸಿ ‘ಸರ್ವಾನುಮತ’ ಎಂದು ತೋರಿಸುವ ಚಪಲ ಬೇಡ. 7–6ರಲ್ಲಿ ಹೋದ ಸಲಹೆ, 13–0ರಲ್ಲಿ ಹೋದ ಸಲಹೆ ಎರಡನ್ನೂ ಚುನಾಯಿತರು ಒಂದೇ ತಕ್ಕಡಿಯಲ್ಲಿ ತೂಗಬಾರದು. ಅದಕ್ಕೆ ಅವರಿಗೆ ಆ ಲೆಕ್ಕ ತಿಳಿದಿರಬೇಕು.

ಉತ್ತರದ ಪುಸ್ತಕ

ಎಲ್ಲರಿಗೂ ಕಾಣುವ ಒಂದೇ ಪಟ್ಟಿ ಇರಲಿ: ಸಲಹೆಯ ಸಂಖ್ಯೆ, ತಾರೀಖು, ವಾಕ್ಯ, ಯಾರಿಗೆ ಹೋಯಿತು, ಉತ್ತರದ ಗಡುವು, ಉತ್ತರ, ಕಾರಣ, ಕೆಲಸದ ಈಗಿನ ಸ್ಥಿತಿ. ಉತ್ತರ ಮೂರೇ ಬಗೆ: ಒಪ್ಪಿದೆ, ಭಾಗಶಃ ಒಪ್ಪಿದೆ, ಒಪ್ಪಿಲ್ಲ. ‘ಪರಿಶೀಲಿಸಲಾಗುವುದು’ ಎಂಬುದು ಉತ್ತರವಲ್ಲ. ಇನ್ನೂ ಸಮಯ ಬೇಕಾದರೆ ಹೊಸ ತಾರೀಖು ಹಾಕಿ ಒಂದು ಸಲ ಮಾತ್ರ ಮುಂದೂಡಬಹುದು.

‘ಒಪ್ಪಿಲ್ಲ’ ಎಂಬ ಉತ್ತರಕ್ಕೆ ಅಧಿಕಾರಿಗಳು ಹೆದರುತ್ತಾರೆ, ಅದಕ್ಕೇ ಸುಮ್ಮನಾಗುತ್ತಾರೆ. ಕಾರಣ ಕೊಟ್ಟು ಬೇಡ ಎಂದದ್ದನ್ನು ಜನ ನುಂಗಿಕೊಳ್ಳುತ್ತಾರೆ, ಮೌನವನ್ನಲ್ಲ. ಬೆಲ್ಜಿಯಂನ ಜರ್ಮನ್ ಭಾಷಿಕ ಪ್ರದೇಶ 2019ರಲ್ಲಿ ಇದನ್ನು ವ್ಯವಸ್ಥೆಯ ಒಳಗೇ ಹೊಲಿದುಬಿಟ್ಟಿತು. ಅಲ್ಲಿ 24 ಮಂದಿಯ ಶಾಶ್ವತ ನಾಗರಿಕ ಪರಿಷತ್ತು ವಿಷಯ ಆರಿಸುತ್ತದೆ. ಚೀಟಿಯಲ್ಲಿ ಬಂದ 25ರಿಂದ 50 ಮಂದಿ ಅದನ್ನು ಚರ್ಚಿಸಿ ಸಲಹೆ ಕೊಡುತ್ತಾರೆ. ಆ ಸಲಹೆಯನ್ನು ಅಲ್ಲಿನ ಶಾಸನಸಭೆ ಚರ್ಚೆಗೆ ತೆಗೆದುಕೊಳ್ಳಲೇಬೇಕು, ಒಪ್ಪದಿದ್ದರೆ ಕಾರಣ ಹೇಳಲೇಬೇಕು. ಮುಂದೇನಾಯಿತು ಎಂದು ಆ ಪರಿಷತ್ತೇ ಗಮನಿಸುತ್ತಿರುತ್ತದೆ. ಚರ್ಚಿಸುವವರು, ಬೆನ್ನು ಹತ್ತುವವರು ಬೇರೆ ಬೇರೆ ಇದ್ದರೆ ಬೆನ್ನು ಹತ್ತುವ ಕೆಲಸ ಮರೆತುಹೋಗುವುದಿಲ್ಲ. ಸಣ್ಣ ಸಮಿತಿಯಲ್ಲಿ ಅಷ್ಟೆಲ್ಲ ಆಗದು. ಇಬ್ಬರು ಸದಸ್ಯರಿಗೆ ವರ್ಷಪೂರ್ತಿ ಉತ್ತರದ ಪುಸ್ತಕ ನೋಡಿಕೊಳ್ಳುವ ಕೆಲಸ ಕೊಟ್ಟರೂ ಸಾಕು.

ಹದಿಮೂರು ಮಂದಿ ಊರಲ್ಲ

ಸಮಿತಿಯ ಅಭಿಪ್ರಾಯವೇ ಜನಾಭಿಪ್ರಾಯ ಎಂದು ಅಧಿಕಾರಿಗಳು ಬಳಸಿಕೊಳ್ಳತೊಡಗಿದರೆ ಸಮಿತಿ ಗುರಾಣಿಯಾಗುತ್ತದೆ. ಪ್ರತಿ ದೊಡ್ಡ ವಿಷಯಕ್ಕೂ ಸದಸ್ಯರು ಹೊರಗೆ ಹೋಗಬೇಕು. ಒಬ್ಬೊಬ್ಬರು ಐದು ಮಂದಿಯನ್ನು ಮಾತಾಡಿಸಿದರೆ 65 ಜನ. ಆ ಐವರಲ್ಲಿ ಮೂವರು ತಮ್ಮ ಗೆಳೆಯರ ಬಳಗದ ಹೊರಗಿನವರಾಗಿರಲಿ. ಸೇವೆ ಬಳಸುವ ಜಾಗಕ್ಕೇ ಹೋಗಿ ಒಂದು ಗಂಟೆ ನಿಲ್ಲುವುದು, ಆ ದಾರಿಯಲ್ಲಿ ಗಾಲಿಕುರ್ಚಿಯವರ ಜೊತೆ ನಡೆದು ನೋಡುವುದು ಯಾವ ಪ್ರಶ್ನಾವಳಿಗಿಂತಲೂ ಹೆಚ್ಚು ಕಲಿಸುತ್ತದೆ. ಕೇಳಿ ತಂದದ್ದನ್ನು ಸಲಹೆಯ ಕಾರಣದಲ್ಲಿ ಬರೆಯಿರಿ, ಯಾರು ಸಿಗಲಿಲ್ಲ ಎಂಬುದನ್ನೂ ಬರೆಯಿರಿ.

ವರ್ಷದ ಪರಿಶೀಲನೆ, ಮುಕ್ತಾಯ

ವರ್ಷಕ್ಕೊಮ್ಮೆ ಅರ್ಧ ದಿನ. ನೋಡಬೇಕಾದ ಅಂಕಿ ಕೆಲವೇ: ಎಷ್ಟು ಸಲಹೆಗೆ ಗಡುವಿನೊಳಗೆ ಉತ್ತರ ಬಂತು, ಎಷ್ಟು ಸಲಹೆ ತೀರ್ಮಾನಕ್ಕೆ ಮುಂಚೆ ತಲುಪಿತು, ಹಾಜರಿ ಎಷ್ಟು, ಖಾಲಿ ಸ್ಥಾನಕ್ಕೆ ಎಷ್ಟು ಅರ್ಜಿ, ನಡುವೆ ಬಿಟ್ಟವರು ಯಾರು. ಒಪ್ಪಿದ ಸಲಹೆಗಳ ಪ್ರಮಾಣವನ್ನು ಯಶಸ್ಸಿನ ಅಳತೆಯಾಗಿ ಇಡಬೇಡಿ. ಹಾಗಿಟ್ಟರೆ ಸಮಿತಿ ಹೇಗೂ ಆಗುವುದನ್ನೇ ಸಲಹೆಯಾಗಿ ಬರೆಯಲು ಕಲಿಯುತ್ತದೆ. ನೂರಕ್ಕೆ ನೂರು ಒಪ್ಪಿಗೆ ಸಿಗುತ್ತಿದ್ದರೆ ಸಂಶಯಪಡಬೇಕು. ಬಿಟ್ಟುಹೋದವರಿಗೆ ಫೋನು ಮಾಡಿ ಕಾರಣ ಕೇಳಿ. ಅವರಷ್ಟು ನಿಷ್ಠುರವಾಗಿ ಒಳಗಿರುವವರು ಹೇಳುವುದಿಲ್ಲ.

ಎರಡು ವರ್ಷ ತುಂಬುವ ನಾಲ್ಕು ತಿಂಗಳ ಮೊದಲು, ನವೀಕರಣ ಬೇಕೇ ಎಂದು ಚುನಾಯಿತ ಸಭೆ ಚರ್ಚಿಸಲಿ. ಮುಚ್ಚುವುದಾದರೆ ಉತ್ತರದ ಪುಸ್ತಕದಲ್ಲಿ ಇನ್ನೂ ಬಾಕಿ ಇರುವ ಪ್ರತಿ ಸಂಖ್ಯೆಯ ಎದುರು ಒಬ್ಬ ಅಧಿಕಾರಿಯ ಹುದ್ದೆ ಬರೆದು ಒಪ್ಪಿಸಿ, ಪುಸ್ತಕವನ್ನು ಸಾರ್ವಜನಿಕರಿಗೆ ಸಿಗುವ ಜಾಗದಲ್ಲಿಡಿ. ಸದಸ್ಯರೆಲ್ಲರಿಗೂ ಅದರ ಒಂದೊಂದು ಪ್ರತಿ ಕೊಡಿ.